ಏಡಿ ಪಾಟ್ ಒಳಗೆ ಇಣುಕಿ ನೋಡೋಕೆ ಕಡಿಮೆ ದುಡ್ಡಿನ ಕ್ಯಾಮೆರಾ: ಯಾವುದು ತಗೋಬೇಕು, ಹೇಗೆ ಕಟ್ಟಬೇಕು

ಜುಲೈ ಬಂದರೆ ಪ್ಯೂಜೆಟ್ ಸೌಂಡ್ ಕೊಲ್ಲಿಯಲ್ಲಿ ಡಂಜನೆಸ್ ಏಡಿ ಹಿಡಿಯುವ ಕಾಲ. ಸಿಯಾಟಲ್ ಸುತ್ತಮುತ್ತ ನನಗೆ ಗೊತ್ತಿರುವ ಕನ್ನಡದ ಮನೆಯವರೇ ನಾಲ್ಕೈದು ಮಂದಿ ದೋಣಿ ತಗೊಂಡು ಹೊರಡುತ್ತಾರೆ. ಎಲ್ಲರದೂ ಒಂದೇ ಕಥೆ. ಎರಡು ಗಂಟೆ ಕಾದು ಪಾಟ್ (ಎರೆ ಇಟ್ಟು ತಳಕ್ಕೆ ಇಳಿಸುವ ಬಲೆಯ ಪಂಜರ) ಎತ್ತಿದರೆ ಎರೆ ಅರ್ಧ ಖಾಲಿ, ಏಡಿ ಒಂದೂ ಇಲ್ಲ. ಏಡಿ ಬರಲೇ ಇಲ್ಲವಾ, ಬಂದು ತಿಂದು ಹೊರಗೆ ಹೋಯಿತಾ, ಪಾಟ್ ಮಗುಚಿ ಬಿದ್ದಿತ್ತಾ? ಮೇಲೆ ಕೂತವರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಕ್ಯಾಮೆರಾ ಬೇಕು.

ಅಂಗಡಿಗೆ ಹೋಗುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ದೋಣಿಯಲ್ಲಿ ಕೂತು ಆಗಲೇ ನೋಡಬೇಕಾ, ಮೇಲೆ ಎತ್ತಿದ ಮೇಲೆ ನೋಡಿದರೆ ಸಾಕಾ? ಆಗಲೇ ನೋಡಬೇಕು ಅಂದರೆ ಕೇಬಲ್ ಇರಲೇಬೇಕು. ವೈಫೈ ಕ್ಯಾಮೆರಾ, ಫೋನಿನಲ್ಲೇ ಲೈವ್ ನೋಡಿ ಅಂತ ಜಾಹೀರಾತು ಇರುತ್ತದಲ್ಲ, ಅದು ನೀರಿನ ಮೇಲೆ ಮಾತ್ರ. ವೈಫೈ, ಬ್ಲೂಟೂತ್ ಎರಡರ ಅಲೆಗಳನ್ನೂ ಉಪ್ಪುನೀರು ತಕ್ಷಣ ಹೀರಿಕೊಳ್ಳುತ್ತದೆ. ಕ್ಯಾಮೆರಾ ಒಂದು ಅಡಿ ಇಳಿಯುವಷ್ಟರಲ್ಲಿ ಫೋನಿನ ಪರದೆ ಕಪ್ಪಾಗುತ್ತದೆ.

ಕೇಬಲ್ ಬೇಕಾದರೆ ಐಸ್ ಫಿಶಿಂಗ್ ಮಾಡುವವರು ಬಳಸುವ ಕ್ಯಾಮೆರಾಗಳಿವೆ. ಏಳು ಇಂಚಿನ ಪರದೆ, 15 ಅಥವಾ 30 ಮೀಟರ್ ಕೇಬಲ್ ಬರುತ್ತದೆ. 30 ಮೀಟರಿನದೇ ತಗೊಳ್ಳಿ. ಮಂಜುಗಡ್ಡೆಗೆ ತೂತು ಕೊರೆದು ನೇರ ಕೆಳಗೆ ಬಿಡುವುದಕ್ಕೆ ಮಾಡಿದ್ದು ಅದು. ಇಲ್ಲಿ ಉಬ್ಬರ ಇಳಿತದ ಸೆಳೆತಕ್ಕೆ ಕೇಬಲ್ ಬಿಲ್ಲಿನ ಹಾಗೆ ಬಾಗುತ್ತದೆ, 15 ಮೀಟರ್ ಕೇಬಲ್ಲು 15 ಮೀಟರ್ ಆಳಕ್ಕೆ ಮುಟ್ಟುವುದೇ ಇಲ್ಲ. ನೀರು ನಿಂತ ಹೊತ್ತಿನಲ್ಲಿ ಮಾತ್ರ ಇಳಿಸಿ. ಪಾಟ್ ಅನ್ನು ಮಾತ್ರ ಯಾವತ್ತೂ ಕೇಬಲ್ ಹಿಡಿದು ಎಳೆಯಬೇಡಿ, ಭಾರ ಹಗ್ಗದ ಮೇಲೇ ಇರಲಿ.

ನನ್ನನ್ನು ಕೇಳಿದರೆ ಪಾಟ್‌ಗೆ ಅದು ಬೇಡ. ಸೆಕೆಂಡ್ ಹ್ಯಾಂಡ್ ಆಕ್ಷನ್ ಕ್ಯಾಮೆರಾ, ಜೊತೆಗೆ ಆಳಕ್ಕೆ ಹೋಗುವ ಗಟ್ಟಿ ಹೌಸಿಂಗ್ (ನೀರು ನುಗ್ಗದ ಹೊರಪೆಟ್ಟಿಗೆ), ಇಷ್ಟೇ ಸಾಕು. ಗೋಪ್ರೊ ಹೀರೊ 5, 6, 7 ಬ್ಲ್ಯಾಕ್ ಮೂರೂ ಹಾಗೇ ಬಿಟ್ಟರೆ 10 ಮೀಟರ್ ತಡೆಯುತ್ತವೆ. ನಾವು ಪಾಟ್ ಬಿಡುವುದು 40 ಅಡಿ, 60 ಅಡಿ, ಕೆಲವೊಮ್ಮೆ ಇನ್ನೂ ಆಳ. 60 ಅಡಿ ಅಂದರೆ 18 ಮೀಟರ್, ಅಲ್ಲಿ ಒತ್ತಡ ಮೇಲಿನದರ ಸುಮಾರು ಮೂರು ಪಟ್ಟು. ಅದಕ್ಕೇ 60 ಮೀಟರಿಗೆ ಅಂತ ಮಾಡಿದ ಹೌಸಿಂಗ್ ಬೇಕು. ನೀರು ತಡೆಯುವ ದರ್ಜೆ ಐಪಿ68 ಅಂತ ಬರೆದಿದೆ, ಆಗಲ್ವಾ ಅಂತ ಕೇಳುತ್ತಾರೆ. ಆಗಲ್ಲ. ಅದರಲ್ಲಿ ಎಷ್ಟು ಆಳ ಅನ್ನುವುದನ್ನು ತಯಾರಕರೇ ನಿಗದಿ ಮಾಡುವುದು, ಫೋನುಗಳಿಗೆ ಅದು ಕೆಲವೇ ಮೀಟರ್ ಇರುತ್ತದೆ. ಪೆಟ್ಟಿಗೆ ಮೇಲೆ ಮೀಟರ್ ಲೆಕ್ಕ ಹುಡುಕಿ.

4ಕೆ, 5ಕೆ ಅಂತ ದುಡ್ಡು ಸುರಿಯಬೇಡಿ. ಬೇಸಿಗೆಯಲ್ಲಿ ಇಲ್ಲಿನ ನೀರಿನ ತುಂಬ ಸೂಕ್ಷ್ಮ ಪಾಚಿ, ಎಷ್ಟೋ ದಿನ ಒಂದೆರಡು ಮೀಟರ್ ಆಚೆ ಬರೀ ಹಸಿರು ಮಬ್ಬು. ಎಷ್ಟು ಒಳ್ಳೆಯ ಕ್ಯಾಮೆರಾ ಇದ್ದರೂ ಆ ಮಬ್ಬಿನ ಆಚೆ ಕಾಣುವುದಿಲ್ಲ. ಆದ್ದರಿಂದ ಕ್ಯಾಮೆರಾ ಹತ್ತಿರ ಇರಬೇಕು, ಕೋನ ಅಗಲ ಇರಬೇಕು. ನೀರಿನಲ್ಲಿ ಎಲ್ಲವೂ ಹತ್ತಿರ, ದೊಡ್ಡದಾಗಿ ಕಾಣುವುದರಿಂದ ಗಾಳಿಯಲ್ಲಿ ಕಾಣುವಷ್ಟು ಅಗಲ ಅಲ್ಲಿ ಸಿಗುವುದಿಲ್ಲ. ವೈಡ್ ಮೋಡಿಗೆ ಹಾಕಿ, ಎರೆಯಿಂದ ಒಂದೂವರೆ ಅಡಿ ದೂರದಲ್ಲಿ ಕಟ್ಟಿ. ಇನ್ನೂ ಹತ್ತಿರ ಹೋದರೆ ಫೋಕಸ್ ಸಿಗಲ್ಲ. ಲೈಟ್ ಬೇಕೇ ಬೇಕು ಅನಿಸಿದರೆ ಲೆನ್ಸಿನ ಪಕ್ಕ ಕಟ್ಟಬೇಡಿ, ಎದುರಿನ ಕಣಗಳೆಲ್ಲ ಹೊಳೆದು ಹಿಮ ಸುರಿದ ಹಾಗೆ ಕಾಣುತ್ತದೆ. ಪಾಟ್‌ನ ಇನ್ನೊಂದು ಮೂಲೆಯಿಂದ ಓರೆಯಾಗಿ ಬಿಡಿ. ಹಗಲಲ್ಲಿ 40 ಅಡಿವರೆಗೆ ನಾನು ಲೈಟೇ ಹಾಕುವುದಿಲ್ಲ.

ಎರಡು ಬೇಸಿಗೆ ಹಿಂದೆ ನನ್ನ ಒಂದು ಪಾಟ್ ಮತ್ತೆ ಮತ್ತೆ ಖಾಲಿ ಬರುತ್ತಿತ್ತು. ಒಳಗೆ ಮೇಲಿನ ಕಂಬಿಗೆ ಕ್ಯಾಮೆರಾ ಕಟ್ಟಿ, ಎರೆಗೆ ಕೋಳಿ ಕಾಲು ಇಟ್ಟ ಡಬ್ಬಿಯೂ, ಒಳಕ್ಕೆ ಮಾತ್ರ ತೆರೆಯಬೇಕಾದ ಒಂದು ಬಾಗಿಲೂ ಕಾಣುವ ಹಾಗೆ ತಿರುಗಿಸಿ ಬಿಟ್ಟೆ. ಮನೆಗೆ ಬಂದು ನೋಡಿದರೆ, ಒಂದು ದೊಡ್ಡ ಗಂಡು ಏಡಿ ಸೆಳೆತದ ಕೆಳಗಿನ ಕಡೆಯಿಂದ ವಾಸನೆ ಹಿಡಿದು ಬಂತು. ಬಲೆಯ ಮೇಲೆಲ್ಲ ಹತ್ತಿ ಇಳಿಯಿತು, ಬಾಗಿಲ ಕಂಬಿ ತಳ್ಳಿ ಒಳಗೆ ಬಂತು, ಡಬ್ಬಿ ತಬ್ಬಿಕೊಂಡು ತಿಂದಿತು. ಆಮೇಲೆ ಅದೇ ಬಾಗಿಲಿನಿಂದ ಆರಾಮಾಗಿ ಹೊರಗೆ ಹೋಯಿತು! ನಿಲ್ಲಿಸಿ, ದೊಡ್ಡದು ಮಾಡಿ ನೋಡಿದೆ. ಎರೆ ಡಬ್ಬಿ ಬಿಗಿದ ಜಿಪ್ ಟೈ ಬಾಲ ಬಾಗಿಲಿಗೆ ಸಿಕ್ಕಿ ಅದು ಅರ್ಧ ತೆರೆದೇ ನಿಂತಿತ್ತು. ಬಾಲ ಕತ್ತರಿಸಿದೆ. ಮುಂದಿನ ವಾರ ಅದೇ ಪಾಟ್‌ನಲ್ಲಿ ನಾಲ್ಕು ಏಡಿ.

ಕ್ಯಾಮೆರಾ ಕಟ್ಟುವಾಗ ಚಿಕ್ಕ ಏಡಿಗಳು ಹೊರಗೆ ಹೋಗುವ ರಿಂಗುಗಳಿಗೆ ಅಡ್ಡ ಬರಬಾರದು. ಕೊಳೆಯುವ ಹತ್ತಿ ದಾರ ಕಟ್ಟಿದ ಜಾಗಕ್ಕೂ ಅಷ್ಟೇ, ಅದನ್ನು ಜಿಪ್ ಟೈ ಹಾಕಿ ಬಿಗಿಯಲೇಬೇಡಿ. ಪ್ಯೂಜೆಟ್ ಸೌಂಡಿನಲ್ಲಿ ವರ್ಷಕ್ಕೆ ಸುಮಾರು 12,000 ಪಾಟ್ ಕಳೆದುಹೋಗುತ್ತವೆ ಅನ್ನುವ ಅಂದಾಜಿದೆ. ಆ ದಾರ ಕೊಳೆತು ದಾರಿ ಬಿಟ್ಟರೆ ಮಾತ್ರ ಒಳಗಿನ ಏಡಿ ಬದುಕುತ್ತದೆ. ನಿಮ್ಮ ಪಾಟ್ ಜೊತೆ ಕ್ಯಾಮೆರಾವೂ ಹೋಗಬಾರದು ಅಂದರೆ ಮುಳುಗುವ ಹಗ್ಗ ಬಳಸಿ, ಆಳಕ್ಕಿಂತ ಮೂರನೇ ಒಂದು ಭಾಗ ಜಾಸ್ತಿ ಬಿಡಿ. ಹಗ್ಗದ ತುದಿಯಲ್ಲಿ ತೇಲುವ ಕೆಂಪು ಬಿಳಿ ಬೂಯಿ ಮೇಲೆ ಹೆಸರು ವಿಳಾಸ ಹೇಗೂ ಬರೆಯಲೇಬೇಕು, ಕ್ಯಾಮೆರಾ ಮೇಲೂ ಫೋನ್ ನಂಬರ್ ಬರೆದಿಡಿ.

ಬ್ಯಾಟರಿ ಬಗ್ಗೆ: ವಿಡಿಯೊ ಇಟ್ಟರೆ ಒಂದು, ಒಂದೂವರೆ ಗಂಟೆ. ತಣ್ಣನೆ ನೀರಲ್ಲಿ ಇನ್ನೂ ಕಡಿಮೆ. ಟೈಮ್ ಲ್ಯಾಪ್ಸ್‌ಗೆ ಹಾಕಿ ಐದು ಸೆಕೆಂಡಿಗೊಂದು ಚಿತ್ರ ಬಂದರೆ ಜಾಸ್ತಿ ಹೊತ್ತು ನಡೆಯುತ್ತದೆ, ಮನೆಯಲ್ಲಿ ನೋಡುವುದಕ್ಕೂ ಸುಲಭ. ಆದರೆ ಮೊದಲ ಸಲ ಪೂರ್ತಿ ವಿಡಿಯೊ ತೆಗೆಯಿರಿ, ಬಾಗಿಲು ಹೇಗೆ ಅಲ್ಲಾಡುತ್ತದೆ ಅನ್ನುವುದು ಅದರಲ್ಲೇ ಗೊತ್ತಾಗುವುದು.

ಹೊಸ ಹೌಸಿಂಗ್ ಬಂದ ದಿನವೇ ಕ್ಯಾಮೆರಾ ಒಳಗಿಟ್ಟು ಸಮುದ್ರಕ್ಕೆ ಬಿಡಬೇಡಿ. ರಬ್ಬರ್ ರಿಂಗಿನ ಮೇಲೆ ಒಂದು ಕೂದಲು, ಒಂದು ಮರಳಿನ ಕಣ ಇದ್ದರೂ ನೀರು ನುಗ್ಗುತ್ತದೆ. ಬೆರಳಿನಿಂದ ಸವರಿ ನೋಡಿ, ಖಾಲಿ ಹೌಸಿಂಗ್ ಒಳಗೆ ಒಂದು ಟಿಶ್ಯೂ ಪೇಪರ್ ಇಟ್ಟು ಪಾಟ್‌ಗೆ ಕಟ್ಟಿ, ನೀವು ಬಿಡುವ ಆಳಕ್ಕೇ ಅರ್ಧ ಗಂಟೆ ಇಳಿಸಿ. ಪೇಪರ್ ಒಣಗಿದ್ದರೆ ಕ್ಯಾಮೆರಾ ಹಾಕಿ. ಮೂಲೆಯಲ್ಲಿ ಒಂದಿಷ್ಟು ಒದ್ದೆ ಇದ್ದರೂ ವಾಪಸ್ ಕಳಿಸಿ.