ಕಾಲುಗುರಿನ ಫಂಗಸ್: ತುದಿ ನೋಡಬೇಡಿ, ಬುಡ ನೋಡಿ

ಕಾಲಿನ ಹೆಬ್ಬೆರಳ ಉಗುರು ತಿಂಗಳಿಗೆ ಬೆಳೆಯುವುದು ಒಂದರಿಂದ ಒಂದೂವರೆ ಮಿಲಿಮೀಟರ್. ಬುಡದಿಂದ ತುದಿಯವರೆಗೆ ಹೊಸ ಉಗುರು ಬರಲು 12ರಿಂದ 18 ತಿಂಗಳು ಬೇಕು. ಔಷಧ ಫಂಗಸ್ಸನ್ನು ಕೊಲ್ಲಬಲ್ಲದು, ಹಳದಿಗಟ್ಟಿ ದಪ್ಪವಾದ ಉಗುರನ್ನು ಮತ್ತೆ ತಿಳಿಯಾಗಿಸಲಾರದು. ಆ ಭಾಗ ಮುಂದಕ್ಕೆ ಬೆಳೆದು ಕತ್ತರಿಗೆ ಸಿಗುವವರೆಗೆ ಹಾಗೇ ಇರುತ್ತದೆ.

ಹಾಗಾಗಿ ಔಷಧ ಶುರು ಮಾಡಿದ ದಿನವೇ, ಚೆನ್ನಾಗಿರುವ ಉಗುರು ಮುಗಿದು ಕೆಟ್ಟದ್ದು ಆರಂಭವಾಗುವ ಜಾಗದಲ್ಲಿ ಉಗುರು ಉಜ್ಜುವ ಅರದಿಂದ ಅಡ್ಡಕ್ಕೆ ಒಂದು ತೆಳು ಗೀರು ಹಾಕಿಕೊಂಡೆ. ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ ಒಂದು ಫೋಟೊ. ಗೀರು ಮುಂದೆ ಸರಿದು ಅದರ ಹಿಂದೆ ತಿಳಿ ಉಗುರು ಬರುತ್ತಿದ್ದರೆ ಔಷಧ ನಾಟುತ್ತಿದೆ ಎಂದರ್ಥ. ಹಳದಿ ಬಣ್ಣ ಗೀರನ್ನು ದಾಟಿ ಬುಡದತ್ತ ನುಗ್ಗಿದರೆ ನಾಟುತ್ತಿಲ್ಲ. ಗೀರು ಸವೆದರೆ ಅದೇ ಜಾಗದಲ್ಲಿ ಮತ್ತೆ ಎಳೆಯಬೇಕು.

ಇದಕ್ಕೂ ಮೊದಲು ಆಗಬೇಕಾದದ್ದು ಪರೀಕ್ಷೆ. ಕೆಟ್ಟಂತೆ ಕಾಣುವ ಕಾಲುಗುರುಗಳಲ್ಲಿ ಫಂಗಸ್ ಇರುವುದು ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಮಾತ್ರ. ಉಳಿದದ್ದು ಸೋರಿಯಾಸಿಸ್ ಎಂಬ ಚರ್ಮರೋಗ, ಬಿಗಿ ಬೂಟಿನ ಒತ್ತಡ, ಹಳೆಯ ಪೆಟ್ಟು. ಮಾದರಿ ಕೊಡುವಾಗ ಆಗುವ ದೊಡ್ಡ ತಪ್ಪು ಎಂದರೆ ಉಗುರಿನ ತುದಿಯನ್ನಷ್ಟೇ ಕತ್ತರಿಸಿ ಕೊಡುವುದು. ಅಲ್ಲಿರುವ ಫಂಗಸ್ ಬಹುಪಾಲು ಸತ್ತಿರುತ್ತದೆ, ಜೀವಂತ ಇರುವುದು ಬುಡದ ಕಡೆಯ ಅಂಚಿನಲ್ಲಿ. ಸ್ಪಿರಿಟ್‌ನಿಂದ ಒರೆಸಿ, ಸಾಧ್ಯವಾದಷ್ಟು ಹಿಂದಕ್ಕೆ ಕತ್ತರಿಸಿ, ಉಗುರಿನಡಿಯ ಪುಡಿಯನ್ನು ಕೆರೆದು ತೆಗೆಯಬೇಕು. ಕೆಲವು ವಾರಗಳಿಂದ ಔಷಧ ಹಚ್ಚಿದ್ದರೆ ಅದನ್ನೂ ಹೇಳಿ, ಫಲಿತಾಂಶ ಸುಳ್ಳಾಗಬಹುದು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ನೋಡುವ ಪರೀಕ್ಷೆ ಅಂದೇ ಮುಗಿಯುತ್ತದೆ, ಫಂಗಸ್ಸನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್‌ಗೆ ಮೂರು-ನಾಲ್ಕು ವಾರ ಬೇಕು. ಒಮ್ಮೆ ಏನೂ ಕಾಣದಿದ್ದರೆ ಇಲ್ಲವೇ ಇಲ್ಲ ಎಂದಲ್ಲ.

ಉಗುರಿಗಿಂತ ಮೊದಲು ಚರ್ಮ. ಫಂಗಸ್ ಸಾಮಾನ್ಯವಾಗಿ ಬೆರಳ ಸಂದು ಮತ್ತು ಅಂಗಾಲಿನಿಂದಲೇ ಉಗುರಿಗೆ ಹತ್ತುವುದು. ಅದನ್ನು ಬಿಟ್ಟು ಉಗುರಿಗಷ್ಟೇ ಔಷಧ ಹಚ್ಚಿದರೆ ಮತ್ತೆ ಹತ್ತುತ್ತದೆ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಬೆಳ್ಳಗೆ ನೆನೆದಂತಾಗಿ ತುರಿಸುವುದು ಎಲ್ಲರಿಗೂ ಗೊತ್ತಾಗುತ್ತದೆ. ಅಂಗಾಲು ಹಿಟ್ಟು ಸವರಿದಂತೆ ಒಣಗಿ, ಗೆರೆಗಳಲ್ಲಿ ಬಿಳಿ ಪುಡಿ ಕೂರುವ ಬಗೆಯನ್ನು ಮಾತ್ರ ಬರೀ ಒಣ ಚರ್ಮ ಎಂದು ವರ್ಷಗಟ್ಟಲೆ ಬಿಟ್ಟಿರುತ್ತೇವೆ. ಸಂದಿಗೆ ಟರ್ಬಿನಾಫಿನ್ 1% ಕ್ರೀಮ್ ಒಂದರಿಂದ ಎರಡು ವಾರ ಸಾಕು. ಕ್ಲೋಟ್ರಿಮಜೋಲ್ 1% ಆದರೆ ದಿನಕ್ಕೆರಡು ಸಲ, ನಾಲ್ಕು ವಾರ. ತುರಿಕೆ ನಾಲ್ಕೇ ದಿನಕ್ಕೆ ನಿಂತರೂ ಕ್ರೀಮ್ ನಿಲ್ಲಿಸಬಾರದು. ಕಾಲು ತೊಳೆದು, ಪ್ರತಿ ಸಂದನ್ನೂ ಬಟ್ಟೆ ತೂರಿಸಿ ಒರೆಸಿ, ಕಾಣುವ ಅಂಚಿಗಿಂತ ಎರಡು ಸೆಂಟಿಮೀಟರ್ ಆಚೆಗೂ ತೆಳ್ಳಗೆ ಹಚ್ಚಬೇಕು. ದಪ್ಪ ಹಚ್ಚಿದರೆ ಸಂದು ಇನ್ನಷ್ಟು ನೆನೆಯುತ್ತದೆ, ಅಷ್ಟೇ ಲಾಭ. ಸ್ಟೀರಾಯ್ಡ್ ಬೆರೆತ ಟ್ಯೂಬ್ ಬೇಡ. ಕೆಂಪು, ತುರಿಕೆ ಎರಡೂ ಅಡಗುತ್ತವೆ, ಫಂಗಸ್ ಒಳಗೊಳಗೇ ಹರಡುತ್ತದೆ. ಕ್ಲೋಬೆಟಸಾಲ್, ಬೀಟಾಮೆಥಸೋನ್ ಹೆಸರು ಕಂಡರೆ ಕೊಂಡಲ್ಲಿಗೇ ವಾಪಸ್ ಕೊಟ್ಟುಬಿಡಿ.

ಉಗುರಿನ ಅರ್ಧಕ್ಕಿಂತ ಕಡಿಮೆ ಕೆಟ್ಟು, ಬುಡ ಚೆನ್ನಾಗಿದ್ದರೆ ನೇಲ್ ಪಾಲಿಶ್‌ನಂತೆ ಹಚ್ಚುವ ಔಷಧ, ಅಂದರೆ ಲ್ಯಾಕರ್ ಪ್ರಯತ್ನಿಸಬಹುದು. ನಾನು ಬಳಸಿದ್ದು ಅಮೊರಾಲ್ಫಿನ್ 5%, ವಾರಕ್ಕೊಮ್ಮೆ. ಮೊದಲು ಅರದಿಂದ ಮೇಲ್ಮೈ ಉಜ್ಜಿ, ಸ್ಪಿರಿಟ್‌ನಿಂದ ಹಳೆಯ ಪದರ ತೆಗೆದು, ಒಣಗಿಸಿ, ಆಮೇಲೆ ಹಚ್ಚುವುದು. ಉಜ್ಜದೆ ಹಚ್ಚಿದರೆ ಔಷಧ ಮೇಲೇ ಕೂತಿರುತ್ತದೆ. ಕೆಟ್ಟ ಉಗುರಿಗೆ ಬಳಸಿದ ಅರ, ನೇಲ್ ಕಟರ್ ಬೇರೆ ಉಗುರಿಗೆ ತಾಗಬಾರದು. ಅರ ಹಾಕಿದರೂ ಬಗ್ಗದಷ್ಟು ದಪ್ಪವಿದ್ದರೆ 40% ಯೂರಿಯಾ ಮುಲಾಮು. ಸುತ್ತಲಿನ ಚರ್ಮಕ್ಕೆ ಪೆಟ್ರೋಲಿಯಂ ಜೆಲ್ಲಿ ಸವರಿ, ಉಗುರಿನ ಮೇಲಷ್ಟೇ ಮುಲಾಮು ಇಟ್ಟು ಪ್ಲಾಸ್ಟರ್ ಸುತ್ತಬೇಕು. ಒಂದೆರಡು ವಾರದಲ್ಲಿ ಕೆಟ್ಟ ಭಾಗ ಮೆತ್ತಗಾಗಿ ನೋವಿಲ್ಲದೆ ಕೆರೆಯಲು ಬರುತ್ತದೆ.

ಬುಡಕ್ಕೇ ಇಳಿದಿದ್ದರೆ, ಅಥವಾ ಮೂರು-ನಾಲ್ಕು ಉಗುರಿಗೆ ಹತ್ತಿದ್ದರೆ ಲ್ಯಾಕರ್ ಒಂದನ್ನೇ ನಂಬುವುದು ಕಾಲಹರಣ. ಆಗ ವೈದ್ಯರು ಬರೆಯುವ ಮಾತ್ರೆ ಬೇಕು: ದೊಡ್ಡವರಿಗೆ ಸಾಮಾನ್ಯವಾಗಿ ಟರ್ಬಿನಾಫಿನ್ 250 ಮಿಲಿಗ್ರಾಂ, ದಿನಕ್ಕೊಂದು, 12 ವಾರ. ಶುರುವಿಗೆ ಮುನ್ನ ರಕ್ತದಲ್ಲಿ ಯಕೃತ್ತಿನ ಪರೀಕ್ಷೆ. ಬಾಯಿರುಚಿ ಕೆಟ್ಟರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ತಕ್ಷಣ ತೋರಿಸಬೇಕು. ಇಟ್ರಾಕೊನಜೋಲ್ ಇನ್ನೊಂದು ದಾರಿ, ಆದರೆ ಹೃದಯ ವೈಫಲ್ಯ ಇರುವವರಿಗೆ ಅದು ಸಲ್ಲದು. 12 ವಾರ ಮುಗಿದಾಗ ಉಗುರಿನ ಬಹುಭಾಗ ಇನ್ನೂ ಹಳದಿಯೇ. ಗಾಬರಿಯಿಂದ ಇನ್ನೊಂದು ಕೋರ್ಸ್ ನುಂಗುವವರಿದ್ದಾರೆ. ಔಷಧ ಉಗುರಿನಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ, ಗೀರಿನ ಹಿಂದೆ ನೋಡಿದರೆ ಸಾಕು.

ಬೂಟು ಎರಡು ಜೊತೆ ಇರಲಿ, ಒಂದನ್ನು ಹಾಕಿದ ಮರುದಿನ ಅದಕ್ಕೆ ವಿರಾಮ. ಕಾಲುಚೀಲ ಒಳಮೈ ಹೊರಗೆ ಮಾಡಿ 60 ಡಿಗ್ರಿ ನೀರಿನಲ್ಲಿ ಒಗೆಯಬೇಕು. ಬಟ್ಟೆ ಹಾಕುವಾಗ ಮೊದಲು ಕಾಲುಚೀಲ, ಆಮೇಲೆ ಒಳಉಡುಪು. ಇಲ್ಲದಿದ್ದರೆ ಪಾದದ ಫಂಗಸ್ ತೊಡೆಸಂದಿಗೂ ಹತ್ತುತ್ತದೆ.

ಸಕ್ಕರೆ ಕಾಯಿಲೆ ಇರುವವರು, ಪಾದದಲ್ಲಿ ಸ್ಪರ್ಶ ಕಡಿಮೆಯಾದವರು ಈ ಅರ, ಯೂರಿಯಾ ಯಾವುದನ್ನೂ ತಾವೇ ಮಾಡಿಕೊಳ್ಳಬಾರದು. ಸಂದಿಯ ಬಿರುಕಿನಿಂದ ಕೆಂಪು ಕಾಲಿನ ಮೇಲಕ್ಕೆ ಹಬ್ಬಿ ಜ್ವರ ಬಂದರೆ ಅದು ಬ್ಯಾಕ್ಟೀರಿಯಾ, ಅಂದೇ ವೈದ್ಯರ ಬಳಿ ಹೋಗಬೇಕು. ಉಗುರಿನ ಉದ್ದಕ್ಕೂ ಹೊಸದಾಗಿ ಕಪ್ಪು ಪಟ್ಟಿ ಮೂಡಿದರೆ ಲ್ಯಾಕರ್ ಹಚ್ಚುತ್ತಾ ಕೂರದೆ ಚರ್ಮರೋಗ ತಜ್ಞರಿಗೆ ತೋರಿಸಿ, ಅಪರೂಪಕ್ಕೆ ಅದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಆಗಿರುತ್ತದೆ.