ಪಿಸಿಗೆ ಲಿಕ್ವಿಡ್ ಕೂಲರ್ ಹಾಕೋದು ಹೇಗೆ: ಪಂಪ್ ಎಲ್ಲಿರಬೇಕು, ರೇಡಿಯೇಟರ್ ಎಲ್ಲಿರಬೇಕು

ಯಾವ ಕೂಲರ್ ಕೂಡ ಬಿಸಿಯನ್ನು ಮಾಯ ಮಾಡುವುದಿಲ್ಲ. ಚಿಪ್ ಹತ್ತಿರದಿಂದ ಎತ್ತಿಕೊಂಡು ಹೋಗಿ ರೂಮಿನ ಗಾಳಿಗೆ ಬಿಡುತ್ತದೆ, ಅಷ್ಟೇ. ಹಾಗಾಗಿ ರೂಮು 38 ಡಿಗ್ರಿ ಇದ್ದರೆ ಕೂಲರ್ ಒಳಗಿನ ನೀರು ಅದಕ್ಕಿಂತ ತಣ್ಣಗಾಗೋದೇ ಇಲ್ಲ. ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ ಪಿಸಿ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ.

ಮೊದಲು, ನೀರನ್ನೇ ಬಳಸಿ ಬಿಸಿ ಸಾಗಿಸುವ ಇನ್ನೊಂದು ಬಗೆಯಾದ ವೇಪರ್ ಚೇಂಬರ್ ಬಗ್ಗೆ. ಇದು ತೆಳು ತಾಮ್ರದ ಚಪ್ಪಟೆ ಡಬ್ಬಿ. ಒಳಗಿನ ಗಾಳಿ ತೆಗೆದು ಚೂರೇ ಚೂರು ನೀರು ಬಿಟ್ಟು ಸೀಲ್ ಮಾಡಿರುತ್ತಾರೆ. ಒತ್ತಡ ತುಂಬಾ ಕಡಿಮೆ ಇರುವುದರಿಂದ ನೀರು ಆವಿಯಾಗೋಕೆ 100 ಡಿಗ್ರಿ ಬೇಕಾಗಿಲ್ಲ. ಚಿಪ್ ಮುಟ್ಟುವ ಜಾಗದಲ್ಲಿ ಆವಿಯಾಗಿ, ತಣ್ಣಗಿರುವ ಕಡೆ ಮತ್ತೆ ನೀರಾಗಿ, ತಾಮ್ರದ ಪುಡಿಯ ಪದರದ ಮೂಲಕ ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ವಾಪಸ್ ಬರುತ್ತದೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ, ಐಫೋನ್ 17 ಪ್ರೋನಲ್ಲಿ ಇರೋದು ಇದೇ. ಆದರೆ ಇದನ್ನು ಆಮೇಲೆ ಕೊಂಡು ಹಾಕಿಸೋಕೆ ಆಗಲ್ಲ, ಸಾಧನದ ಜೊತೆಗೇ ಬರಬೇಕು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇದ್ದರೆ ಫ್ಯಾನ್ ಧೂಳು ತೆಗೆಯಿರಿ, ಬಿಚ್ಚುವಾಗ ಪ್ಲೇಟ್ ಬಗ್ಗದ ಹಾಗೆ ನೋಡಿಕೊಳ್ಳಿ. ಸಾಕು.

ಡೆಸ್ಕ್‌ಟಾಪ್ ಕಥೆ ಬೇರೆ. ಕೋರ್ ಐ9-14900ಕೆ ಥರದ ಪ್ರೊಸೆಸರ್ ಟರ್ಬೋದಲ್ಲಿ 253 ವ್ಯಾಟ್‌ವರೆಗೆ ಎಳೆಯುತ್ತದೆ. ಇಂಥದ್ದಕ್ಕೆ 360 ಎಂಎಂ ರೇಡಿಯೇಟರ್ (ನೀರಿನ ಬಿಸಿಯನ್ನು ಗಾಳಿಗೆ ಬಿಡುವ ಭಾಗ) ಇರುವ ಎಐಒ ತಗೊಳ್ಳಿ. ಎಐಒ ಅಂದರೆ ಪಂಪ್, ಟ್ಯೂಬ್, ರೇಡಿಯೇಟರ್ ಎಲ್ಲ ಜೋಡಿಸಿ ನೀರು ತುಂಬಿ ಸೀಲ್ ಮಾಡಿ ಬರುವ ಲಿಕ್ವಿಡ್ ಕೂಲರ್. 65 ವ್ಯಾಟ್ ಪ್ರೊಸೆಸರ್‌ಗೆ ಸುಮ್ನೆ ದುಡ್ಡು ಹಾಕಬೇಡಿ, ಒಳ್ಳೆಯ ಏರ್ ಕೂಲರ್ ಧಾರಾಳವಾಗಿ ಸಾಕು.

ಜೋಡಿಸುವಾಗ ಜನ ಎಡವುವುದು ಜಾಸ್ತಿ ಒಂದೇ ಕಡೆ. ವರ್ಷಗಳು ಕಳೆದಂತೆ ಟ್ಯೂಬ್ ಮೂಲಕ ನೀರು ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗುತ್ತದೆ, ಒಳಗೆ ಗಾಳಿ ಸೇರುತ್ತದೆ, ಆ ಗಾಳಿ ಇಡೀ ಲೂಪ್‌ನಲ್ಲಿ ಎಲ್ಲಕ್ಕಿಂತ ಎತ್ತರದ ಜಾಗಕ್ಕೆ ಹೋಗಿ ಕೂರುತ್ತದೆ. ಆ ಜಾಗ ಪಂಪ್ ಆಗಿರಬಾರದು. ಹೆಚ್ಚಿನ ಎಐಒಗಳಲ್ಲಿ ಪಂಪ್ ಸಿಪಿಯು ಮೇಲೇ ಇರುತ್ತದೆ, ಹಾಗಾಗಿ ರೇಡಿಯೇಟರನ್ನು ಕೇಸಿನ ಛಾವಣಿಗೆ ಹಾಕಿ. ಮುಂದೆ ಹಾಕಲೇಬೇಕಾದರೆ ಟ್ಯೂಬ್ ಕೆಳಗೆ ಬರಲಿ, ರೇಡಿಯೇಟರ್ ತಲೆ ಪಂಪ್‌ಗಿಂತ ಮೇಲಿರಲಿ. ಕೇಸಿನ ತಳಕ್ಕೆ ಮಾತ್ರ ಬೇಡವೇ ಬೇಡ.

ಸಿಪಿಯು ಮತ್ತು ಕೂಲರ್ ನಡುವೆ ಬಿಸಿ ದಾಟಿಸೋಕೆ ಹಚ್ಚುವ ಥರ್ಮಲ್ ಪೇಸ್ಟ್ ಹಳೆಯದಿದ್ದರೆ ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬಟಾಣಿ ಗಾತ್ರದ ಹೊಸ ಪೇಸ್ಟ್ ಹಾಕಿ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ಅಂತ ಒಂದ್ಸಲ ನೋಡಿ! ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಪಂಪ್ ವೈರನ್ನು ಮದರ್‌ಬೋರ್ಡ್‌ನ ಪಂಪ್ ಹೆಡರ್‌ಗೆ ಕೊಟ್ಟು ಬಯಾಸ್‌ನಲ್ಲಿ ಫುಲ್ ಸ್ಪೀಡ್ ಇಡಿ.

ಈಗ ಪರೀಕ್ಷೆ. ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್ ಅನ್ನೋ ಸಾಫ್ಟ್‌ವೇರ್ 10 ನಿಮಿಷ ಓಡಿಸಿ, ತಾಪಮಾನ ತೋರಿಸುವ ಸಾಫ್ಟ್‌ವೇರ್ ಆದ ಎಚ್‌ಡಬ್ಲ್ಯೂಇನ್ಫೋದಲ್ಲಿ ತಾಪಮಾನ ನೋಡುತ್ತಿರಿ. ಶುರುವಾದ ಕೆಲವೇ ಸೆಕೆಂಡಿಗೆ 100 ಮುಟ್ಟಿ ಅಲ್ಲೇ ನಿಂತು, ಕ್ಲಾಕ್ ಸ್ಪೀಡ್ ಮಾಮೂಲಿಗಿಂತ ತೀರಾ ಕೆಳಗೆ ಬಿದ್ದರೆ ಎರಡೂ ಟ್ಯೂಬ್ ಮುಟ್ಟಿ ನೋಡಿ. ನಿಮಿಷಕ್ಕೆ 1 ಲೀಟರ್ ನೀರು ಹರಿಯುತ್ತಿದ್ದರೆ 250 ವ್ಯಾಟ್ ಹೊತ್ತರೂ ಹೋಗುವ ನೀರಿಗೂ ಬರುವ ನೀರಿಗೂ ಸುಮಾರು 3.5 ಡಿಗ್ರಿ ಅಷ್ಟೇ ವ್ಯತ್ಯಾಸ, ಕೈಗೆ ಎರಡೂ ಹೆಚ್ಚೂಕಡಿಮೆ ಒಂದೇ ಬೆಚ್ಚಗೆ ಅನ್ನಿಸಬೇಕು. ಒಂದು ಸುಡುತ್ತಾ ಇನ್ನೊಂದು ತಣ್ಣಗಿದ್ದರೆ ನೀರು ಸರಿಯಾಗಿ ಹರಿಯುತ್ತಿಲ್ಲ. ಎರಡೂ ತಣ್ಣಗಿದ್ದರೆ ಒಂದೋ ಪಂಪ್ ನಿಂತಿದೆ, ಇಲ್ಲವೇ ತಳ ಸಿಪಿಯುಗೆ ಸರಿಯಾಗಿ ಕೂತಿಲ್ಲ; ಮೊದಲು ಸ್ಕ್ರೂ ಮತ್ತು ಪೇಸ್ಟ್ ನೋಡಿ. ಹೊಸ ಕೂಲರ್ ಒಂದೆರಡು ದಿನ ಗುಳುಗುಳು ಅಂದರೆ ಭಯ ಬೇಡ. ನಿಲ್ಲದೆ ಅನ್ನುತ್ತಲೇ ಇದ್ದರೆ ಗಾಳಿ ಪಂಪ್‌ಗೆ ಬಂದಿದೆ ಅಂತ, ರೇಡಿಯೇಟರ್ ಜಾಗ ಬದಲಿಸಿ.

ನೀರು ಸೋರುತ್ತಿದ್ದರೆ ಅಥವಾ ಪಂಪ್ ಸತ್ತಿದ್ದರೆ ಬಿಚ್ಚಿ ನಲ್ಲಿ ನೀರು ತುಂಬೋಕೆ ಹೋಗಬೇಡಿ. ಒಳಗೆ ತಾಮ್ರ, ಅಲ್ಯೂಮಿನಿಯಂ ಎರಡೂ ಇರುವುದು ಮಾಮೂಲು. ತುಕ್ಕು ತಡೆಯುವ ರಾಸಾಯನಿಕ ಇಲ್ಲದ ನೀರಿಗೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ವಾರಂಟಿ ಇದ್ದರೆ ಕ್ಲೈಮ್ ಮಾಡಿ, ಮುಗಿದಿದ್ದರೆ ಹೊಸದು ಹಾಕಿ.