ತಮ್ಮನ ಆಟ ಉಳಿಯಿತು: ವೈಸ್ ಸಿಟಿ ರಿಪೇರಿ ಮಾಡಿದ ಅನುಭವ

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಧಾರವಾಡದ ಸಪ್ತಾಪುರದಲ್ಲಿ ನಾನೂ ತಮ್ಮನೂ ಒಂದೇ ಕೋಣೆಯಲ್ಲಿದ್ದಾಗ ಕೊಂಡಿದ್ದ ಕಂಪ್ಯೂಟರ್ ಈ ಮಳೆಗಾಲದಲ್ಲಿ ಕೈಕೊಟ್ಟಿತು. ಮದರ್‌ಬೋರ್ಡ್ ಸುಟ್ಟಿತ್ತು, ಹಾರ್ಡ್ ಡಿಸ್ಕ್ ಮಾತ್ರ ಚೆನ್ನಾಗಿತ್ತು. ತಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಅಣ್ಣಾ, ವೈಸ್ ಸಿಟಿಯಲ್ಲಿ ನಾನು ಆಡಿಟ್ಟಿದ್ದು ಉಳಿದಿದೆಯೇ ನೋಡು."

ವೈಸ್ ಸಿಟಿ ಎಂದರೆ ಗ್ರ್ಯಾಂಡ್ ಥೆಫ್ಟ್ ಆಟೋ (ಜಿಟಿಎ) ಸರಣಿಯ ಒಂದು ವಿಡಿಯೋ ಆಟ. ಅದು ಕಂಪ್ಯೂಟರಿಗೆ ಬಂದದ್ದು 2003ರಲ್ಲಿ, ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ. ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ನಾವು ಕೊಂಡಿದ್ದರಿಂದ ಹೊಸ ವಿಂಡೋಸ್ 10 ಯಂತ್ರಕ್ಕೆ ಇಳಿಸಿಕೊಳ್ಳುವುದು ಕಷ್ಟವಾಗಲಿಲ್ಲ. ಹಳೆಯ ಡಿಸ್ಕಿನ ಡಾಕ್ಯುಮೆಂಟ್ಸ್ ಒಳಗಿದ್ದ 'ಜಿಟಿಎ ವೈಸ್ ಸಿಟಿ ಯೂಸರ್ ಫೈಲ್ಸ್' ಫೋಲ್ಡರನ್ನು ಹಾಗೆಯೇ ತಂದು ಹೊಸದರಲ್ಲಿ ಹಾಕಿದೆ. ಆಟ ತೆರೆಯಲಿಲ್ಲ. 640×480 ವಿಡಿಯೋ ಮೋಡ್ ಸಿಗುತ್ತಿಲ್ಲ ಎಂಬ ಪೆಟ್ಟಿಗೆ ಬಂದು ನಿಂತಿತು. ಆಟದ ಫೈಲಿನ ಪ್ರಾಪರ್ಟೀಸ್ ತೆರೆದು, ಕಂಪ್ಯಾಟಿಬಿಲಿಟಿ ಪುಟದಲ್ಲಿ 640×480ರ ಚೌಕಕ್ಕೆ ಗುರುತು ಹಾಕಿದ ಮೇಲೆ ಅದು ಹೋಯಿತು.

ಆದರೆ ಮೊದಲ ದೃಶ್ಯ ಮುಗಿಯುವಷ್ಟರಲ್ಲಿ ಆಟ ಸದ್ದಿಲ್ಲದೆ ಮುಚ್ಚಿಕೊಂಡಿತು. ಮೂರು ಸಲ ತೆರೆದೆ, ಮೂರು ಸಲವೂ ಅದೇ ಜಾಗ. ಒಂದೇ ಜಾಗದಲ್ಲಿ ಬೀಳುವ ತೊಂದರೆ ನನಗೆ ಸಮಾಧಾನ ಕೊಡುತ್ತದೆ, ಏಕೆಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಕಂಪ್ಯೂಟರಿನ ತೊಂದರೆಗಳ ದಾಖಲೆ ತೋರಿಸುವ ವಿಂಡೋಸಿನ ಇವೆಂಟ್ ವ್ಯೂವರ್‌ನಲ್ಲಿ ಸಿ0000005 ಎಂಬ ಸಂಕೇತ ಸಿಕ್ಕಿತು. ಪ್ರೋಗ್ರಾಂ ತನ್ನದಲ್ಲದ ಮೆಮೊರಿಗೆ ಕೈಹಾಕಿದೆ ಎಂದು ಅದರರ್ಥ. ಏಕೆ ಕೈಹಾಕಿತು ಎಂಬುದನ್ನು ಅದು ಹೇಳುವುದಿಲ್ಲ.

ಹೀಗಾದಾಗ ಆ ಯೂಸರ್ ಫೈಲ್ಸ್ ಫೋಲ್ಡರನ್ನೇ ಅಳಿಸಿಬಿಡಿ ಎಂದು ಹಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಟ ಸರಿಹೋಗುವುದೇನೋ ನಿಜ, ಆಡಿಟ್ಟಿದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ಆ ಫೋಲ್ಡರಿನ ಇಡೀ ಪ್ರತಿಯನ್ನು ಮೊದಲು ಪೆನ್ ಡ್ರೈವ್‌ಗೆ ಹಾಕಿಕೊಂಡು, ಆಮೇಲೆ ಒಳಗಿನ ಫೈಲ್‌ಗಳನ್ನು ಒಂದೊಂದಾಗಿ ನೋಡಿದೆ. 'ಜಿಟಿಎವಿಸಿಎಸ್ಎಫ್' ಎಂದು ಶುರುವಾಗಿ 1, 2, 3 ಎಂದು ಸಂಖ್ಯೆ ಇರುವವು, ಕೊನೆಗೆ ಚುಕ್ಕೆ ಮತ್ತು 'ಬಿ' ಅಕ್ಷರ: ಅವು ಆಡಿಟ್ಟ ಆಟಗಳು. ಪಕ್ಕದಲ್ಲಿ 'ಜಿಟಿಎ_ವಿಸಿ.ಸೆಟ್' ಎಂಬ ಪುಟ್ಟ ಫೈಲ್ ಇತ್ತು. ಪರದೆಯ ಅಳತೆ, ಧ್ವನಿ, ಕೀಲಿಗಳ ಜೋಡಣೆ ಎಲ್ಲವನ್ನೂ ಆಟ ಅದರಲ್ಲೇ ಬರೆದಿಡುತ್ತದೆ. ನಮ್ಮದರಲ್ಲಿ ಇದ್ದದ್ದು ಸಪ್ತಾಪುರದ ಕೋಣೆಯ ಆ ಚೌಕ ಮಾನಿಟರಿನ ಲೆಕ್ಕ. ಹೊಸ ಅಗಲ ಪರದೆಯ ಮೇಲೂ ಆಟ ಅದನ್ನೇ ನಂಬಿ ಹೊರಟಿತ್ತು.

ಅದನ್ನೂ ನಾನು ಅಳಿಸಲಿಲ್ಲ. ಎಕ್ಸ್‌ಪ್ಲೋರರ್‌ನಲ್ಲಿ ಫೈಲ್ ಹೆಸರಿನ ಬಾಲ (ಚುಕ್ಕೆಯ ನಂತರದ ಎಕ್ಸ್‌ಟೆನ್ಷನ್) ಕಾಣುವಂತೆ ಮಾಡಿಕೊಂಡು, '.ಸೆಟ್' ಇದ್ದದ್ದನ್ನು '.ಓಲ್ಡ್' ಎಂದು ಬದಲಿಸಿದೆ. ಬಾಲ ಕಾಣದೆ ಹೆಸರು ಬದಲಿಸಲು ಹೋದರೆ ಫೈಲಿನ ಜಾತಿ ಬದಲಾಗುವುದೇ ಇಲ್ಲ, ಇದನ್ನು ಅಂಗಡಿಯಲ್ಲಿ ದಿನಾಲೂ ಕಾಣುತ್ತೇನೆ. ಆಟ ತೆರೆದಾಗ ತಾನೇ ಹೊಸ ಸೆಟ್ ಫೈಲ್ ಮಾಡಿಕೊಂಡಿತು, ದೃಶ್ಯ ದಾಟಿ ಮುಂದೆ ಹೋಯಿತು.

ಚಿತ್ರ ಇನ್ನಷ್ಟು ನುಣುಪಾಗಿ ಓಡಲೆಂದು ಸೆಕೆಂಡಿಗೆ ಎಷ್ಟು ಚಿತ್ರ ಬರಬೇಕೆಂಬುದಕ್ಕೆ ಮಿತಿ ಹಾಕುವ ಫ್ರೇಮ್ ಲಿಮಿಟರ್ ತೆಗೆದು ನೋಡಿದೆ. ಕಾರು ಹಿಂದಕ್ಕೆ ಸರಿಯಲು ಒದ್ದಾಡಿತು. ಈ ಆಟದ ಚಲನೆಯ ಲೆಕ್ಕವೆಲ್ಲ ನಿಧಾನದ ಯಂತ್ರಗಳಿಗೆ ಕಟ್ಟಿದ್ದು. ಲಿಮಿಟರ್ ಹಾಕಿಯೇ ಆಡಬೇಕು. ಇನ್ನು, ವಿಡಿಯೋ ಮೆಮೊರಿ ಸಾಲದು ಎಂಬ ತಪ್ಪು ಸಂದೇಶ ಬಂದವರಿಗೆ ಸೈಲೆಂಟ್‌ಪ್ಯಾಚ್ ಎಂಬ ಉಚಿತ ತಿದ್ದುಪಡಿ ಇದೆ, ಅದನ್ನು ಆಟದ ಫೋಲ್ಡರಿಗೆ ಹಾಕಿಕೊಂಡರೆ ಸಾಕು.

ಭಾನುವಾರ ತಮ್ಮ ಧಾರವಾಡದಿಂದ ಚಿಗರಿ ಬಸ್ ಹತ್ತಿ ಬಂದ. ಪಟ್ಟಿಯಲ್ಲಿ ತನ್ನ ಆಟ ಕಂಡಾಗ ಅದರ ಪಕ್ಕದ ತಾರೀಖನ್ನು ಎರಡು ಸಲ ಓದಿದ. ಅವನು ಅಂದು ಬಿಟ್ಟದ್ದು ಆಟಿಕೆ ಹೆಲಿಕಾಪ್ಟರಿನಿಂದ ಕಟ್ಟಡದೊಳಗೆ ನಾಲ್ಕು ಬಾಂಬ್ ಇಡುವ ಕೆಲಸದ ಮುಂದೆ. ಸೆಟ್ ಫೈಲ್ ಹೊಸದಾಗಿದ್ದರಿಂದ ಅವನ ಕೀಲಿಗಳು ಹೋಗಿದ್ದವು, ಒಂದೊಂದನ್ನೇ ಕೇಳಿ ಮತ್ತೆ ಜೋಡಿಸಿಕೊಟ್ಟೆ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಅವನು ಮೂರನೆಯ ಬಾಂಬ್ ಇಟ್ಟಿದ್ದ. ಶಟರ್ ಅರ್ಧಕ್ಕೆ ಎಳೆದು ನಾನೂ ಪಕ್ಕದಲ್ಲಿ ಕುಳಿತೆ.